ರೈಲಿನಲ್ಲಿ ನಾಯಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಊರಿಗೆ ಹೋಗುವವರ, ಊರಿಂದ ಬರುವವರ ಓಡಾಟ ಶುರುವಾಗುತ್ತದೆ. ಆಗಲೂ ಮನೆ ಬಿಟ್ಟು ಹೊರಡಲಾಗದೆ ಉಳಿಯುವವರು ಒಂದಷ್ಟು ಜನ ಇದ್ದಾರೆ. ನಾಯಿ ಸಾಕಿಕೊಂಡವರು, ಅದರಲ್ಲೂ ಒಂಟಿಯಾಗಿರುವ ಹಿರಿಯರು. ಅವರ ಪರವಾಗಿ ಈ ಪತ್ರ.

ರೈಲ್ವೆ ನಿಯಮ ನೋಡಿ. ನಾಯಿಯನ್ನು ಜೊತೆಗೇ ಕರೆದುಕೊಂಡು ಹೋಗಬೇಕೆಂದರೆ ಫಸ್ಟ್ ಕ್ಲಾಸ್ ಎಸಿಯಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ಹಿಡಿಯಬೇಕು. ಅಷ್ಟು ದುಡ್ಡು ಕಟ್ಟಿದರೂ ಕೂಪೆ ಸಿಕ್ಕಿತೋ ಇಲ್ಲವೋ ಗೊತ್ತಾಗುವುದು ಚಾರ್ಟ್ ತಯಾರಾದ ಮೇಲೆ. ಜಿಲ್ಲೆಗಳ ನಡುವೆ ಓಡುವ ಎಷ್ಟೋ ರೈಲುಗಳಲ್ಲಿ ಆ ಬೋಗಿಯೇ ಇಲ್ಲ. ಸ್ಲೀಪರ್, ಥರ್ಡ್ ಎಸಿ, ಚೇರ್ ಕಾರ್‌ಗೆ ನಾಯಿ ಹತ್ತಿಸುವಂತಿಲ್ಲ. ಉಳಿಯುವುದು ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆ.

ಆ ಪೆಟ್ಟಿಗೆಯನ್ನು ಒಮ್ಮೆ ಬಗ್ಗಿ ನೋಡಬೇಕು. ಸುತ್ತ ತಗಡು, ಒಳಗೆ ಕತ್ತಲೆ, ಕೆಳಗೆ ಗಾಲಿಗಳ ಸದ್ದು. ನೀರು, ಊಟ ನೋಡಿಕೊಳ್ಳುವುದು ಸಾಕಿದವರ ಹೊಣೆ ಅಂತ ನಿಯಮ ಹೇಳುತ್ತದೆ. ಸರಿ. ಆದರೆ ನಡುವಿನ ಬೋಗಿಯಲ್ಲಿ ಕೂತ ವಯಸ್ಸಾದವರು, ಎರಡು ನಿಮಿಷ ನಿಲ್ಲುವ ಸ್ಟೇಷನ್‌ನಲ್ಲಿ ಇಳಿದು, ರೈಲಿನ ತುದಿಯವರೆಗೆ ಓಡಿ, ನೀರಿಟ್ಟು ವಾಪಸ್ ಬಂದು ಹತ್ತುವುದು ಆಗುವ ಮಾತಾ?

ನಮ್ಮ ಅವ್ವ ಹಾವೇರಿ ಕಡೆಯ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಜೊತೆ ಅಂದರೆ ಕರಿಯ. ಬೀದಿಯಿಂದ ಬಂದು ಸೇರಿಕೊಂಡ ನಾಟಿ ನಾಯಿ. ಅವ್ವ ರೊಟ್ಟಿ ಬಡಿಯುವಾಗ ಒಲೆಯಿಂದ ಒಂದು ಮಾರು ದೂರ ಮಲಗಿರುತ್ತದೆ, ಮೊದಲ ರೊಟ್ಟಿ ಅದಕ್ಕೇ. ರಾತ್ರಿ ನಿದ್ದೆ ಬಾರದೆ ಅವಳು ಎದ್ದು ಕೂತರೆ ಅದೂ ಎದ್ದು ಬಂದು ಕಾಲ ಹತ್ತಿರ ಕೂರುತ್ತದೆ. ಊಟ ಬಿಟ್ಟಿದ್ದ ಅವ್ವ ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದ್ದು ಕರಿಯ ಬಂದ ಮೇಲೆಯೇ. ಬೆಂಗಳೂರಿಗೆ ಬಾ, ಕಣ್ಣು ತೋರಿಸೋಣ ಅಂದರೆ, ‘ಕರಿಯಾನ್ನ ಯಾರ ಕಡೆ ಬಿಟ್ಟು ಬರ್ಲವ್ವಾ?’ ಅಂತಾಳೆ.

ಇಂಥ ಪ್ರಾಣಿಗಳನ್ನು ಹೊರದೇಶಗಳಲ್ಲಿ ಎಮೋಷನಲ್ ಸಪೋರ್ಟ್ ಅನಿಮಲ್ ಅನ್ನುತ್ತಾರೆ. ನಮ್ಮ ವಿಮಾನಗಳಲ್ಲಿ ಕಣ್ಣು ಕಾಣದವರ ಜೊತೆ ತರಬೇತಾದ ಗೈಡ್ ನಾಯಿಗೆ ಅವಕಾಶ ಇದೆ. ಮನಸ್ಸಿಗೆ ಆಸರೆಯಾದ ನಾಯಿಗೆ ಅಂಥ ಸ್ಥಾನ ಇಲ್ಲ. ಹಾಗಂತ ಈ ನಾಯಿ ಮನಸ್ಸಿಗೆ ಬೇಕು ಅಂತ ತಜ್ಞರಿಂದ ಬರೆಸಿಕೊಂಡು ಬರುವ ಸರ್ಟಿಫಿಕೇಟ್ ಪದ್ಧತಿಯನ್ನು ನಾನು ಕೇಳುತ್ತಿಲ್ಲ. ಅಮೆರಿಕದಲ್ಲಿ ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ಅಂಥ ಪತ್ರ ತರಿಸಿಕೊಳ್ಳುವವರ ಬಗ್ಗೆ ದೂರು ಜಾಸ್ತಿಯಾಯಿತು. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾರಿಗೆ ಇಲಾಖೆ ನಿಯಮವನ್ನೇ ಬದಲಿಸಿತು. 2021ರ ಜನವರಿಯಿಂದ ಇಂಥ ಆಸರೆಯ ಪ್ರಾಣಿಗಳನ್ನು ಮಾಮೂಲಿ ಸಾಕುಪ್ರಾಣಿ ಅಂತ ನೋಡಲು ವಿಮಾನ ಕಂಪನಿಗಳಿಗೆ ಅವಕಾಶ ಸಿಕ್ಕಿತು. ಇನ್ನು ಹಳ್ಳಿಯಲ್ಲಿರುವ ಅವ್ವ ಮಾನಸಿಕ ತಜ್ಞರ ಚೀಟಿಗೆ ಎಲ್ಲಿ ಅಲೆಯಬೇಕು? ಚೀಟಿ ಬೇಡ, ದುಡ್ಡು ತಗೊಂಡು ಟಿಕೆಟ್ ಕೊಡಿ ಸಾಕು.

ಈ ವಿಷಯದಲ್ಲಿ ಕೆಎಸ್‌ಆರ್‌ಟಿಸಿ ವಾಸಿ. 2022ರಲ್ಲಿ ನಾಯಿಗೆ ಪೂರ್ತಿ ಟಿಕೆಟ್ ಬದಲು ಅರ್ಧ ಟಿಕೆಟ್ ಮಾಡಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ–ಮೊಮ್ಮಗಳಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ಅವರ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಅಂತ ಸುದ್ದಿಯಾಗಿತ್ತು. ಜನ ನಕ್ಕರು. ದರ ಜಾಸ್ತಿ ಅಂತ ನನಗೂ ಅನ್ನಿಸಿತು. ಆದರೂ ಹಕ್ಕಿಗಳು ಮನೆಯವರ ಜೊತೆಗೇ ಹೋದವು ಅಲ್ವಾ? ತೊಂದರೆ ಏನೆಂದರೆ ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ಈ ಅವಕಾಶ ಇಲ್ಲ. ಹಾವೇರಿಯಿಂದ ಬೆಂಗಳೂರಿನವರೆಗೆ ಕೆಂಪು ಬಸ್ಸಿನ ಸೀಟಲ್ಲಿ ಕೂತು ಬರಲು ಅವ್ವನ ಸೊಂಟ ಕೇಳುವುದಿಲ್ಲ.

ಹೇಗೋ ನಾಯಿ ಜೊತೆ ಬೆಂಗಳೂರು ತಲುಪಿದರೂ ಅಪಾರ್ಟ್‌ಮೆಂಟ್‌ಗಳ ತಕರಾರು ಬೇರೆ ಇದೆ. ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಸಂಘದವರು ದಯವಿಟ್ಟು ಓದಲಿ.

ನಾಯಿ ಅಂದರೆ ಹೆದರುವವರು, ಅಲರ್ಜಿ ಇರುವವರು ಇದ್ದಾರೆ. ಅವರ ಮಾತು ನಿಜವೇ. ಅದಕ್ಕೇ ಬೇರೆ ಜಾಗ ಕೇಳುತ್ತಿದ್ದೇನೆ. ಸ್ಲೀಪರ್ ಬೋಗಿಯೊಂದರ ತುದಿಯಲ್ಲಿ ಸ್ವಲ್ಪ ಜಾಗಕ್ಕೆ ಬಾಗಿಲು ಹಾಕಿ ಸಾಕುಪ್ರಾಣಿ ಇರುವವರಿಗೆ ಮೀಸಲಿಡಲಿ. ಬುಕ್ ಮಾಡುವಾಗಲೇ ಟಿಕೆಟ್ ಖಚಿತವಾಗಲಿ. ರೇಬೀಸ್ ಲಸಿಕೆಯ ಕಾರ್ಡು, ಕುತ್ತಿಗೆಗೆ ಬೆಲ್ಟು, ಬಾಯಿಗೆ ಕುಕ್ಕೆ ಕಡ್ಡಾಯ ಮಾಡಲಿ. ಗಲೀಜು ಮಾಡಿಸಿ ಸುಮ್ನೆ ಎದ್ದು ಹೋಗುವವರಿಗೆ ದಂಡ ಹಾಕಲಿ, ನಮ್ಮ ಅಭ್ಯಂತರ ಇಲ್ಲ.

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಹುಬ್ಬಳ್ಳಿ–ಬೆಂಗಳೂರು ನಡುವಿನ ಒಂದೇ ಒಂದು ರಾತ್ರಿ ರೈಲಿನಲ್ಲಿ ಆರು ತಿಂಗಳು ಇದನ್ನು ಮಾಡಿ ನೋಡಲು ಅಲ್ಲಿನ ಅಧಿಕಾರಿಗಳು ರೈಲ್ವೆ ಮಂಡಳಿಗೆ ಬರೆಯಲಿ. ಈ ಮಾರ್ಗದ ಸಂಸದರೂ ದನಿಗೂಡಿಸಲಿ.

ಇತಿ,
ನಿಮ್ಮ ಓದುಗಿ, ಬೆಂಗಳೂರು