ವಿಆರ್ ಹೆಡ್‌ಸೆಟ್ ತರಿಸೋದಾದ್ರೆ ಮೊದ್ಲು ನಮ್ಮ ಸೆಕ್ಯೂರಿಟಿ ಹುಡುಗ್ರಿಗೆ ಹಾಕ್ಸಿ ಸರ್: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರ,

ಸರ್, ನಾನು ಸರ್ಕಾರಿ ಆಸ್ಪತ್ರೆ ಒಂದರ ಮನೋರೋಗ ವಾರ್ಡಲ್ಲಿ 11 ವರ್ಷದಿಂದ ಕೆಲಸ ಮಾಡ್ತಿರೋ ನರ್ಸ್. ಈಗ ಆರ್ಡರ್ ಕಾಪೀಲಿ ನಮ್ಮನ್ನ ನರ್ಸಿಂಗ್ ಆಫೀಸರ್ ಅಂತ ಬರೀತಾರೆ, ವಾರ್ಡಲ್ಲಿ ಎಲ್ರೂ ಸಿಸ್ಟರ್ ಅಂತಾನೆ ಕರೆಯೋದು, ಅದೇ ನನಗೂ ಇಷ್ಟ. ಕೆರಳಿದ ಪೇಷಂಟನ್ನ ಬಲ ಬಳಸದೇ ಮಾತಲ್ಲೇ ಸಮಾಧಾನ ಮಾಡೋದನ್ನ ವಾರ್ಡ್ ಸಿಬ್ಬಂದಿಗೆ ವಿಆರ್, ಅಂದ್ರೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಹಾಕ್ಸಿ ಕಲಿಸೋದರ ಬಗ್ಗೆ ಈ ಪತ್ರ. ಆಸ್ಪತ್ರೆ ಹೆಸರು ಬರೆಯಲ್ಲ, ಯಾಕಂದ್ರೆ ನಾನು ಹೇಳೋಕೆ ಹೊರಟಿರೋದು ಆ ಒಂದು ಆಸ್ಪತ್ರೆ ಮೇಲಿನ ಕಂಪ್ಲೇಂಟ್ ಅಲ್ಲ, ಬೇರೆ ಜಿಲ್ಲೇಲಿ ಇದೇ ಕೆಲಸ ಮಾಡೋ ನನ್ನ ಗೆಳತಿಯರ ಹತ್ರ ಮಾತಾಡಿದ್ರೂ ಇದೇ ಕಥೆ ಕೇಳ್ತೀನಿ.

ಹೋದ ಮಳೆಗಾಲದಲ್ಲಿ ಒಂದು ನೈಟ್ ಡ್ಯೂಟಿ. ಮೇನಿಯಾ, ಅಂದ್ರೆ ಮನಸ್ಸು ವಿಪರೀತ ಉದ್ರೇಕ ಆಗೋ ಕಾಯಿಲೆ ಅಂತ ಎರಡು ದಿನದ ಹಿಂದೆ ಅಡ್ಮಿಟ್ ಆಗಿದ್ದ ಒಬ್ರು, 30ರ ಆಸುಪಾಸಿನವರು, ನನ್ನ ಟೇಬಲ್ ಹತ್ರ ಬಂದು "ಸಿಸ್ಟರ್ ಒಂದ್ಸಲ ಫೋನ್ ಕೊಡಿ, ಮಗಳಿಗೆ ಜ್ವರ ಇತ್ತು, ಹೇಗಿದಾಳೆ ಕೇಳ್ಬೇಕು" ಅಂದ್ರು. ನಾನು ಹೊಸ ಅಡ್ಮಿಷನ್ ಫೈಲ್ ಬರೀತಿದ್ದೆ, ತಲೆ ಎತ್ತದೇ "ಆಮೇಲೆ" ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಂದ್ರು, ಆಗ ನಮ್ಮ ಗ್ರೂಪ್ ಡಿ ಅಣ್ಣ "ಆಮೇಲೆ ಹೋಗಪ್ಪ" ಅಂದ್ರು. ಮೂರನೇ ಸಲ ಅವರು ಯಾರನ್ನೂ ಕೇಳ್ಲಿಲ್ಲ, ಸೀದಾ ಬಾಗಿಲ ಕಡೆ ನಡೆದ್ರು, ಅಲ್ಲಿ ನಿಂತಿದ್ದ ಸೆಕ್ಯೂರಿಟಿ ಹುಡುಗ ಹದಿನೈದು ದಿನದ ಹಿಂದಷ್ಟೇ ಎಟಿಎಂ ಕಾಯೋ ಕೆಲಸದಿಂದ ಇಲ್ಲಿಗೆ ಬಂದಿದ್ದವನು, ಅವನು ಕಾಲರ್ ಹಿಡಿದು "ಏಯ್ ಎಲ್ಲಿಗೋ, ಕೂತ್ಕೊಳೋ" ಅಂದ. ಅಷ್ಟೇ ಸರ್. ಆಮೇಲಿನ ಮೂರು ನಿಮಿಷದಲ್ಲಿ ಡ್ರಿಪ್ ಸ್ಟ್ಯಾಂಡ್ ಬಿತ್ತು, ಹುಡುಗನ ತುಟಿ ಒಡೀತು, ನನ್ನ ಕೈಮಣಿಕಟ್ಟು ಉಳುಕ್ತು, ನಾಲ್ಕು ಜನ ಸೇರಿ ಆ ಮನುಷ್ಯನ್ನ ಮಂಚಕ್ಕೆ ಒತ್ತಿ ಹಿಡಿದ್ರು, ಡಾಕ್ಟರ್ ಬಂದು ಇಂಜೆಕ್ಷನ್ ಬರೆದ್ರು, ಬಟ್ಟೇಲಿ ಕೈ ಕಟ್ಟಿದ್ವಿ. ಅವರ ತಾಯಿ ಫ್ಲಾಸ್ಕ್ ಹಿಡ್ಕೊಂಡು ಕಾಲ್ದೆಸೇಲಿ ನಿಂತಿದ್ರು, ಅಳ್ತಾನೂ ಇರ್ಲಿಲ್ಲ.

ಎರಡು ದಿನ ಆದ್ಮೇಲೆ ಸ್ವಲ್ಪ ಸಮಾಧಾನಕ್ಕೆ ಬಂದಾಗ ಅವರು ನನ್ನ ಕೇಳಿದ್ದು ಒಂದೇ ಮಾತು. "ಸಿಸ್ಟರ್, ನಾನ್ ಕೇಳಿದ್ದು ಬರೀ ಫೋನ್ ಅಲ್ವಾ?"

ತಪ್ಪು ನನ್ನದೂ ಇತ್ತು ಸರ್. ಆ ಹುಡುಗನ್ನ ಬೈಯ್ಯೋಕೂ ನನಗೆ ಮನಸ್ಸು ಬರ್ಲಿಲ್ಲ, ಅವನಿಗೆ ಯಾರೂ ಏನೂ ಹೇಳ್ಕೊಟ್ಟಿರ್ಲಿಲ್ಲ. ನನಗೂ ಅಷ್ಟೇ. ಓದುವಾಗ ಸೈಕಿಯಾಟ್ರಿ ಪೋಸ್ಟಿಂಗಲ್ಲಿ ಔಷಧಿ ಹೆಸರು, ಡೋಸು, ಸೈಡ್ ಎಫೆಕ್ಟ್ ಎಲ್ಲಾ ಬಾಯಿಪಾಠ ಮಾಡ್ಸಿದ್ರು, ಸಿಟ್ಟಲ್ಲಿ ನಡುಗ್ತಿರೋ ಮನುಷ್ಯನ ಎದುರು ಎಷ್ಟು ದೂರ ನಿಲ್ಲಬೇಕು, ಕೈ ಎಲ್ಲಿ ಇಟ್ಕೋಬೇಕು, ಮೊದಲನೇ ವಾಕ್ಯ ಏನು ಹೇಳ್ಬೇಕು ಅನ್ನೋದನ್ನ ಯಾರೂ ಕಲಿಸ್ಲಿಲ್ಲ. ಆಮೇಲೆ ಒಂದು ದಿನದ ಟ್ರೈನಿಂಗ್ ಆಯ್ತು, ಅದ್ರಲ್ಲಿ ನಮ್ಮಲ್ಲೇ ಒಬ್ರು ಪೇಷಂಟ್ ಥರ ಆಕ್ಟ್ ಮಾಡ್ಬೇಕು, ಆದ್ರೆ ದಿನಾ ಜೊತೇಲಿ ಊಟ ಮಾಡೋ ಗೆಳತಿ ಎದುರು ನಿಂತು ಕೂಗಾಡಿದ್ರೆ ನಗು ಬರುತ್ತೆ ಹೊರ್ತು ಎದೆ ಹೊಡ್ಕೊಳ್ಳಲ್ಲ. ಎದೆ ಹೊಡ್ಕೊಳ್ಳೋವಾಗಲೂ ದನಿ ಇಳಿಸಿ ಮಾತಾಡೋದೇ ಈ ಕೆಲಸದಲ್ಲಿ ಕಲೀಬೇಕಾಗಿರೋದು.

ಅದಕ್ಕೇ ಈ ವರ್ಚುವಲ್ ರಿಯಾಲಿಟಿ ಟ್ರೈನಿಂಗ್ ವಿಷಯ ನನಗೆ ಅಷ್ಟು ಮುಖ್ಯ ಅನ್ಸೋದು. ಕಣ್ಣಿಗೆ ದೊಡ್ಡ ಕನ್ನಡಕದ ಥರ ಹೆಡ್‌ಸೆಟ್ ಹಾಕ್ಕೊಂಡ್ರೆ ಸುತ್ತಲೂ ವಾರ್ಡ್ ಕಾಣುತ್ತೆ, ತಲೆ ತಿರುಗಿಸಿದ ಕಡೆ ವಾರ್ಡು. ಎದುರಿಗೆ ಒಬ್ಬ ಪೇಷಂಟ್, ದನಿ ಏರ್ತಾ ಇರುತ್ತೆ, ನಾವು ಮಾತಾಡಿದ ಹಾಗೆ, ಹತ್ರ ಹೋದ ಹಾಗೆ ಅವರು ಇನ್ನೂ ಕೆರಳ್ತಾರೆ ಇಲ್ಲಾ ತಣ್ಣಗಾಗ್ತಾರೆ. ಒಂದು ವರ್ಕ್‌ಶಾಪಲ್ಲಿ ನಾನು ಹಾಕ್ಕೊಂಡು ನೋಡ್ದೆ, ಅದು ಚಿತ್ರ ಅಂತ ಗೊತ್ತಿದ್ರೂ ಒಂದು ಹೆಜ್ಜೆ ಹಿಂದೆ ಸರಿದೆ, ಅಂಗೈ ಬೆವರಿತ್ತು. ಇಲ್ಲಿ ತಪ್ಪು ಮಾಡಿದ್ರೆ ಯಾರ ತುಟಿನೂ ಒಡೆಯಲ್ಲ, ಯಾರ ಕೈನೂ ಕಟ್ಟಲ್ಲ. ಅದೇ ಸೀನನ್ನ ಹತ್ತು ಸಲ ಮಾಡ್ಬಹುದು, ಆದ್ಮೇಲೆ ಟ್ರೈನರ್ ಜೊತೆ ಕೂತು ಎಲ್ಲಿ ಎಡವಿದ್ವಿ ಅಂತ ಮಾತಾಡ್ಬಹುದು. ಈ ಕೂತು ಮಾತಾಡೋ ಅರ್ಧ ಗಂಟೆ ಇಲ್ಲದಿದ್ರೆ ಹೆಡ್‌ಸೆಟ್ ಬರೀ ವಿಡಿಯೋ ಗೇಮ್ ಆಗುತ್ತೆ, ಅದನ್ನ ದಯವಿಟ್ಟು ನೆನಪಿಡಿ.

ಆದ್ರೆ ನಾನು ನೋಡಿದ ಆ ಸೀನು ನಮ್ಮದಾಗಿರ್ಲಿಲ್ಲ ಸರ್. ಒಬ್ಬ ಪೇಷಂಟಿಗೆ ಒಂದು ರೂಮು, ಕಾರ್ಪೆಟ್ಟು, ಇಂಗ್ಲಿಷಲ್ಲಿ ಬೈಗುಳ, ಸುತ್ತ ಮುತ್ತ ಒಬ್ರೂ ಇಲ್ಲ. ನಮ್ಮ ವಾರ್ಡಲ್ಲಿ ಸಾಲಾಗಿ ಮಂಚ, ಪ್ರತಿ ಮಂಚದ ಪಕ್ಕ ಅಟೆಂಡರ್ ಅಂತ ಅಮ್ಮನೋ ತಮ್ಮನೋ ಚಾಪೆ ಹಾಸಿರ್ತಾರೆ. ಮನೆಯವರನ್ನ ಜೊತೇಲೇ ಇರಿಸ್ಕೊಳ್ಳೋದು ನಮ್ಮ ದೇಶದ ಮನೋವೈದ್ಯಕೀಯದ ದೊಡ್ಡ ಗುಣ, 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೇಲಿ ಡಾ. ವಿದ್ಯಾಸಾಗರ್ ಅವರು ಅಂಗಳದಲ್ಲಿ ಟೆಂಟ್ ಹಾಕಿ ಕುಟುಂಬದವರನ್ನ ಇರಿಸ್ಕೊಂಡ್ರು, ಆಮೇಲೆ ವೆಲ್ಲೂರಲ್ಲಿ, ನಮ್ಮ ನಿಮ್ಹಾನ್ಸಲ್ಲೂ ಅದೇ ದಾರಿ ಹಿಡಿದ್ರು. ಹಾಗಾಗಿ ನಮ್ಮಲ್ಲಿ ಜಗಳ ಅಂದ್ರೆ ನರ್ಸು ಮತ್ತೆ ಪೇಷಂಟ್ ಇಬ್ಬರದ್ದಲ್ಲ. ಅಣ್ಣ ಬಂದು "ನಾಟ್ಕ ಮಾಡ್ತಿದೀಯಾ" ಅಂತ ಗದರಿಸ್ತಾನೆ, ಅದಕ್ಕೇ ಪೇಷಂಟ್ ರೇಗ್ತಾರೆ. ಅದೇ ಥರ ಎಷ್ಟೋ ಸಲ ನಮ್ಮ ಕೈಲಿ ಆಗದ್ದನ್ನ ತಾಯಿ ಬೆನ್ನು ಸವರಿ ಒಂದು ಲೋಟ ನೀರು ಕೊಟ್ಟು ಮಾಡ್ತಾರೆ. ಯಾವ ಮನೆಯವರನ್ನ ಹೊರಗೆ ಕಳಿಸ್ಬೇಕು, ಯಾರನ್ನ ಹತ್ರ ಕರೀಬೇಕು ಅಂತ ಕ್ಷಣದಲ್ಲಿ ಗೊತ್ತಾಗೋದೇ ನಮ್ಮ ಕೆಲಸದ ಅರ್ಧ, ಅದು ಹೊರದೇಶದಲ್ಲಿ ಮಾಡಿದ ಯಾವ ಸೀನಲ್ಲೂ ಸಿಗಲ್ಲ.

ಇನ್ನು ಭಾಷೆ. ಕನ್ನಡದಲ್ಲಿ "ಕೂತ್ಕೊಳೋ" ಮತ್ತೆ "ಕೂತ್ಕೊಳ್ಳಿ ಅಣ್ಣ" ಎರಡರ ಮಧ್ಯೆ ಒಂದು ಇಂಜೆಕ್ಷನ್ ಉಳಿಯುತ್ತೆ ಅಂತ ನಾನು ಹೊಸಬರಿಗೆ ಹೇಳ್ತಿರ್ತೀನಿ. ಊರಲ್ಲಿ ಮೇಷ್ಟ್ರಾಗಿದ್ದವರು, ಅಂಗಡಿ ಇಟ್ಕೊಂಡಿದ್ದವರು, ಎರಡು ಮಕ್ಕಳ ತಾಯಿ, ಇವರೆಲ್ಲ ಈ ಬಾಗಿಲು ದಾಟಿದ ಕೂಡ್ಲೇ "ನೀನು" ಆಗ್ಬಿಡ್ತಾರೆ. ಕಾಯಿಲೆಗಿಂತ ಆ ಏಕವಚನ ಜಾಸ್ತಿ ಚುಚ್ಚುತ್ತೆ, ವಾಸಿಯಾಗಿ ಹೋಗೋವಾಗ ಎಷ್ಟೋ ಜನ ಇದನ್ನೇ ಹೇಳಿದಾರೆ. ಧಾರವಾಡದ ಕಡೆ "ಯಾಕ್ರೀ ಯಪ್ಪಾ, ಏನ್ ಬೇಕಾಗೇತ್ರಿ" ಅಂತ ಕೇಳಿದ್ರೆ ತಣ್ಣಗಾಗೋ ಮನುಷ್ಯ, ಮಂಗಳೂರು ಕಡೆ ತುಳುವಲ್ಲಿ ಎರಡು ಮಾತು ಕೇಳಿದ್ರೆ ಸಮಾಧಾನ ಆಗೋ ಅಜ್ಜಿ, ಕಲಬುರಗಿ ಕಡೆ ಉರ್ದುವಲ್ಲಿ ಮಾತ್ರ ಮನಸ್ಸು ಬಿಚ್ಚೋ ಹುಡುಗ, ಇವರು ಸೀನಲ್ಲಿ ಇರ್ಬೇಕು. ಜಗಳ ಶುರುವಾಗೋ ಕಾರಣಗಳೂ ನಮ್ಮವೇ ಇರ್ಬೇಕು. ಬೀಡಿ, ಫೋನು, ಮಾತ್ರೆ ಬೇಡ ಅನ್ನೋದು, "ಮನೆಗೆ ಕಳ್ಸಿ" ಅನ್ನೋದು, ಸಾರಲ್ಲಿ ವಿಷ ಇದೆ ಅನ್ನೋ ಭಯ. ಇಷ್ಟನ್ನ ಸರಿಯಾಗಿ ಮಾಡಿದ್ರೆ ಸಾಕು.

ನನ್ನ ಮುಖ್ಯ ಬೇಡಿಕೆಗೆ ಬರ್ತೀನಿ. ಟ್ರೈನಿಂಗ್ ಅಂತ ಬಂದಾಗ ಮೊದ್ಲು ಹೋಗೋದು ಡಾಕ್ಟರು, ಆಮೇಲೆ ಸೀನಿಯರ್ ನರ್ಸು, ಫೋಟೋ ಸರ್ಟಿಫಿಕೇಟ್ ಎಲ್ಲಾ ಅಲ್ಲಿಗೆ ಮುಗಿಯುತ್ತೆ. ರಾತ್ರಿ ಎರಡು ಗಂಟೆಗೆ ಪೇಷಂಟ್ ಮೈ ಮುಟ್ಟೋದು ಯಾರು? ಗ್ರೂಪ್ ಡಿ ನೌಕರರು, ಹೊರಗುತ್ತಿಗೆ ಸೆಕ್ಯೂರಿಟಿ ಹುಡುಗ್ರು. ಅವರಿಗೆ ಏಜೆನ್ಸಿ ಯೂನಿಫಾರ್ಮ್ ಕೊಡುತ್ತೆ, ಲಾಠಿ ಕೊಡುತ್ತೆ, ಮಾತು ಕೊಡಲ್ಲ. ಆಸ್ಪತ್ರೆಗಳಲ್ಲಿ ಹಲ್ಲೆ ಆದಾಗೆಲ್ಲ ಸೆಕ್ಯೂರಿಟಿ ಜಾಸ್ತಿ ಮಾಡಿ, ಸಿಸಿಟಿವಿ ಹಾಕಿ ಅನ್ನೋ ಕೂಗು ಬರುತ್ತೆ, ನಮ್ಮ ರಾಜ್ಯದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ 2009ರಲ್ಲೇ ಕಾಯ್ದೆ ಬಂತು, ಅದು ಬೇಕು, ನಾನೂ ಏಟು ತಿಂದವಳೇ. ಆದ್ರೆ ಮನೋರೋಗ ವಾರ್ಡಲ್ಲಿ ಹೆದರಿರೋ ಮನುಷ್ಯನ ಸುತ್ತ ಯೂನಿಫಾರ್ಮ್ ಜಾಸ್ತಿ ಆದಷ್ಟೂ ಅವರ ಹೆದರಿಕೆ ಜಾಸ್ತಿ ಆಗುತ್ತೆ. 2010ರಲ್ಲಿ ಲಂಡನ್ನಿನ ಬೆತ್ಲೆಮ್ ರಾಯಲ್ ಆಸ್ಪತ್ರೇಲಿ ಸೆನಿ ಲೂಯಿಸ್ ಅನ್ನೋ 23 ವರ್ಷದ ಯುವಕನ್ನ 11 ಜನ ಪೊಲೀಸ್ರು ಸೇರಿ ಒತ್ತಿ ಹಿಡಿದ್ರು, ಅವನು ಬದುಕ್ಲಿಲ್ಲ. ಅವನ ತಂದೆ ತಾಯಿ ವರ್ಷಾನುಗಟ್ಟಲೆ ಹೋರಾಡಿದ್ಮೇಲೆ 2018ರಲ್ಲಿ ಇಂಗ್ಲೆಂಡಲ್ಲಿ ಒಂದು ಕಾನೂನೇ ಆಯ್ತು, ಮನೋರೋಗ ವಾರ್ಡಿನ ಸಿಬ್ಬಂದಿಗೆ ಬಲ ಬಳಸದೇ ಪರಿಸ್ಥಿತಿ ತಿಳಿಮಾಡೋ ಟ್ರೈನಿಂಗ್ ಕಡ್ಡಾಯ ಅಂತ. ನಮ್ಮಲ್ಲೂ ಒಂದು ಜೀವ ಹೋಗ್ಲಿ ಅಂತ ಕಾಯೋದು ಬೇಡ ಸರ್. ಮನೋರೋಗ ವಾರ್ಡಿಗೆ ಸೆಕ್ಯೂರಿಟಿ ಕಳಿಸೋ ಏಜೆನ್ಸಿ ಟೆಂಡರಲ್ಲೇ ಈ ಟ್ರೈನಿಂಗ್ ಆದವರನ್ನ ಮಾತ್ರ ಹಾಕ್ಬೇಕು, ಟ್ರೈನಿಂಗ್ ದಿನದ ಸಂಬಳ ಕಟ್ ಮಾಡ್ಬಾರ್ದು ಅಂತ ಒಂದು ಷರತ್ತು ಸೇರ್ಸಿ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಓದಿದ್ರೆ ಕಣ್ಣು ತುಂಬಿ ಬರುತ್ತೆ, ಅಷ್ಟು ಚೆನ್ನಾಗಿ ಬರೆದಿದಾರೆ. 2001ರ ಆಗಸ್ಟಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನ ಇರಿಸ್ತಿದ್ದ ಜಾಗದಲ್ಲಿ ಸರಪಳಿ ಹಾಕಿದ್ದ 28 ಜನ ಬೆಂಕೀಲಿ ಸುಟ್ಟು ಹೋದ ದೇಶ ಇದು, ಇವತ್ತು ಸೆಕ್ಷನ್ 95ರ ಪ್ರಕಾರ ಸರಪಳಿ ಹಾಕೋದು ಯಾವ ರೀತೀಲೂ ನಿಷೇಧ. ಸೆಕ್ಷನ್ 97 ಒಬ್ಬಂಟಿ ಕೋಣೇಲಿ ಕೂಡಿಹಾಕೋದನ್ನ ನಿಷೇಧ ಮಾಡುತ್ತೆ, ಕೈ ಕಟ್ಟೋದು ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿನೇ ಇಲ್ಲದಾಗ ಮಾತ್ರ, ಅದೂ ಸೈಕಿಯಾಟ್ರಿಸ್ಟ್ ಒಪ್ಪಿಗೆ ಮೇಲೆ, ಶಿಕ್ಷೆ ಅಂತ ಕಟ್ಟೋ ಹಾಗಿಲ್ಲ, ಸಿಬ್ಬಂದಿ ಕೊರತೆ ಅಂತಾನೂ ಕಟ್ಟೋ ಹಾಗಿಲ್ಲ, ಪ್ರತಿ ಸಲದ ಲೆಕ್ಕ ಪ್ರತಿ ತಿಂಗಳು ಮಾನಸಿಕ ಆರೋಗ್ಯ ರಿವ್ಯೂ ಬೋರ್ಡಿಗೆ ಹೋಗ್ಬೇಕು. ಸಿಬ್ಬಂದಿ ಕೊರತೆ ಅನ್ನೋ ಆ ಸಾಲನ್ನ ನಾನು ಎಷ್ಟು ಸಲ ಓದಿದೀನೋ. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ನರ್ಸ್ ಇದ್ದಾಗ ಬೇರೆ ದಾರಿ ಯಾವುದು ಅಂತ ಕಾನೂನು ಹೇಳಿಕೊಡಲ್ಲ, ಅದನ್ನ ಟ್ರೈನಿಂಗ್ ಹೇಳಿಕೊಡ್ಬೇಕು, ಜೊತೆಗೆ ಇನ್ನೊಬ್ಬ ನರ್ಸನ್ನೂ ಕೊಡ್ಬೇಕು. ಇದೇ ಕಾಯ್ದೆಯ ಸೆಕ್ಷನ್ 31 ಮಾನಸಿಕ ಆರೋಗ್ಯದ ಸಿಬ್ಬಂದಿ ಸಂಖ್ಯೆನ ಅಂತರರಾಷ್ಟ್ರೀಯ ಮಟ್ಟಕ್ಕೆ ತರೋಕೆ ಸರ್ಕಾರಕ್ಕೆ 10 ವರ್ಷ ಕೊಟ್ಟಿದೆ, ಕಾಯ್ದೆ ಜಾರಿ ಆಗಿದ್ದು 2018ರಲ್ಲಿ, ಅಂದ್ರೆ ಗಡುವು 2028. ಹೆಡ್‌ಸೆಟ್ ಕೊಟ್ವಲ್ಲ ಅಂತ ಹೇಳಿ ಆ ಗಡುವನ್ನ ಯಾರೂ ಮರೀಬಾರ್ದು.

ವಿಆರ್ ಬಗ್ಗೆ ಸುಳ್ಳು ಆಸೆ ಹುಟ್ಟಿಸೋಕೆ ನನಗೆ ಇಷ್ಟ ಇಲ್ಲ. ಕಲಿತವರ ಧೈರ್ಯ, ತಿಳುವಳಿಕೆ ಜಾಸ್ತಿ ಆಗುತ್ತೆ ಅಂತ ಹೇಳೋರು ತುಂಬಾ ಜನ. ಆದ್ರೆ ಆಸ್ಪತ್ರೆ ಸಿಬ್ಬಂದಿಗೆ ಹಲ್ಲೆ ತಡೆಯೋ ಟ್ರೈನಿಂಗ್ ಕೊಟ್ಟ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನೋ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2020ರ ವರದಿ, ತಿಳುವಳಿಕೆ ಮನೋಭಾವ ಸ್ವಲ್ಪ ಸುಧಾರಿಸ್ಬಹುದು, ಹಲ್ಲೆಗಳ ಸಂಖ್ಯೆ ಕಮ್ಮಿ ಆಗದೇ ಇರ್ಬಹುದು ಅನ್ನೋ ತೀರ್ಮಾನಕ್ಕೆ ಬಂತು. ಯಾಕೆ ಅಂತ ವಾರ್ಡಲ್ಲಿ ಇರೋರಿಗೆ ಗೊತ್ತು. ಟ್ರೈನಿಂಗ್ ಮುಗಿಸಿ ವಾಪಸ್ ಬಂದ್ರೆ ವಾರ್ಡ್ ಹಾಗೇ ಇರುತ್ತೆ, ಫೋನ್ ಮಾಡೋಕೆ ಟೈಮ್ ಇಟ್ಟಿರಲ್ಲ, ಪೇಷಂಟ್ ಕೂತು ಸುಧಾರಿಸ್ಕೊಳ್ಳೋಕೆ ಒಂದು ಮೂಲೆ ಇರಲ್ಲ. ಇಂಗ್ಲೆಂಡಿನ ಸೇಫ್‌ವಾರ್ಡ್ಸ್ ಅನ್ನೋ ಪದ್ಧತೀಲಿ ಹೆಡ್‌ಸೆಟ್ಟೂ ಇಲ್ಲ ಏನೂ ಇಲ್ಲ, ಬೇಡ ಅಂತ ಹೇಳೋವಾಗ ಮೃದುವಾಗಿ ಹೇಳೋದು, ಕೆಟ್ಟ ಸುದ್ದಿ ಬಂದ ಪೇಷಂಟ್ ಜೊತೆ ಮೊದ್ಲೇ ಹೋಗಿ ಕೂರೋದು, ಸಿಬ್ಬಂದಿ ಪೇಷಂಟ್ ಒಬ್ಬರನ್ನೊಬ್ಬರು ಪರಿಚಯ ಮಾಡ್ಕೊಳ್ಳೋದು, ಇಂಥ 10 ಸಣ್ಣ ಸಣ್ಣ ಕೆಲಸ. ಲಂಡನ್ ಸುತ್ತಮುತ್ತ 31 ವಾರ್ಡಲ್ಲಿ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ರು, ಜಗಳ ಗಲಾಟೆ 15 ಪರ್ಸೆಂಟ್, ಕಟ್ಟೋದು ಹಿಡಿಯೋದು ಇಂಥವು 26 ಪರ್ಸೆಂಟ್ ಕಮ್ಮಿ ಆಯ್ತು. ನನ್ನ ಆಸೆ ಏನಂದ್ರೆ ಈ ಥರದ ವಾರ್ಡ್ ಬದಲಾವಣೆ ಮೊದ್ಲು, ಅದನ್ನ ಕೈಗೆ ಬಾಯಿಗೆ ರೂಢಿ ಮಾಡ್ಸೋಕೆ ವಿಆರ್.

ನಮ್ಮ ಕೈಲಿ ಆಗಲ್ಲ ಅನ್ನೋ ಮಾತು ಮಾತ್ರ ಬೇಡ. ಕೆರಳಿದ ಪೇಷಂಟಿಗೆ ಯಾವ ಇಂಜೆಕ್ಷನ್ ಕೊಟ್ರೆ ಬೇಗ ಶಾಂತ ಆಗ್ತಾರೆ ಅಂತ ವೆಲ್ಲೂರಿನ ಸಿಎಂಸಿ ಆಸ್ಪತ್ರೇಲಿ 200 ಜನರ ಮೇಲೆ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ್ದನ್ನ ಹೊರದೇಶದವರೂ ಓದಿ ಕಲಿತ್ರು. ಇಂಜೆಕ್ಷನ್ ಬಗ್ಗೆ ಜಗತ್ತಿಗೆ ಹೇಳೋಕೆ ಆದ್ರೆ ಇಂಜೆಕ್ಷನ್ ಬೇಡದ ಹಾಗೆ ಮಾತಾಡೋದರ ಬಗ್ಗೆನೂ ನಾವು ಹೇಳ್ಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರಲ್ಲಿ ಶುರುವಾದಾಗ ವೈದ್ಯಕೀಯ ನೇತೃತ್ವ ನಿಮ್ಹಾನ್ಸ್, ತಂತ್ರಜ್ಞಾನ ಐಐಐಟಿ ಬೆಂಗಳೂರು, ಇವತ್ತು 14416ಕ್ಕೆ ಇಡೀ ದೇಶ ಫೋನ್ ಮಾಡುತ್ತೆ. ಅದೇ ಜೋಡಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಸೇರ್ಸಿ, ಜಿಲ್ಲಾಸ್ಪತ್ರೆ ನರ್ಸುಗಳನ್ನ ಸೇರ್ಸಿ, ಮುಖ್ಯವಾಗಿ ವಾರ್ಡಲ್ಲಿ ಇದ್ದು ವಾಸಿಯಾಗಿ ಹೋದವರನ್ನ ಕೂರ್ಸಿ, ಅವರ ಕೈಲೇ ಸೀನ್ ಬರೆಸಿ. ಎರಡು ಮೂರು ಆಸ್ಪತ್ರೇಲಿ ಶುರು ಮಾಡಿ, ಶುರು ಮಾಡೋಕೆ ಮುಂಚೆ ತಿಂಗಳಿಗೆ ಎಷ್ಟು ಸಲ ಕೈ ಕಟ್ಟಿದ್ರು, ಎಷ್ಟು ಸಿಬ್ಬಂದಿಗೆ ಏಟು ಬಿತ್ತು ಅಂತ ಬರೆದಿಡಿ, ಒಂದು ವರ್ಷ ಆದ್ಮೇಲೆ ಮತ್ತೆ ನೋಡಿ. ಹೆಡ್‌ಸೆಟ್ಟಲ್ಲಿ ಯಾರು ಎಷ್ಟು ತಪ್ಪು ಮಾಡಿದ್ರು ಅನ್ನೋ ಸ್ಕೋರ್ ಮೇಲಧಿಕಾರಿ ಟೇಬಲ್ಲಿಗೆ ಹೋಗ್ಬಾರ್ದು, ಹೋದ್ರೆ ಯಾರೂ ನಿಜವಾಗಿ ಕಲಿಯಲ್ಲ. ಕೆಲವರಿಗೆ ಅದನ್ನ ಹಾಕ್ಕೊಂಡ್ರೆ ತಲೆ ಸುತ್ತು ಬರುತ್ತೆ, ಹಿಂದೆ ಕೆಟ್ಟ ಏಟು ತಿಂದವರಿಗೆ ಆ ಸೀನ್ ನೋಡಿದ್ರೆ ಹಳೇದೆಲ್ಲ ವಾಪಸ್ ಬರುತ್ತೆ, ಅವರಿಗೆ ಬೇಡ ಅನ್ನೋ ಹಕ್ಕಿರ್ಲಿ.

ಇನ್ನೊಂದೇ ಒಂದು ಸೀನ್ ಖಂಡಿತ ಮಾಡ್ಸಿ ಸರ್. ಹೆಡ್‌ಸೆಟ್ ಹಾಕ್ಕೊಂಡವರು ನರ್ಸೂ ಅಲ್ಲ, ಗಾರ್ಡೂ ಅಲ್ಲ, ಮಂಚದ ಮೇಲೆ ಮಲಗಿರೋ ಪೇಷಂಟ್. ಮೇಲಿಂದ ನಾಲ್ಕು ಮುಖ ಬಗ್ಗಿ ನೋಡ್ತಿರ್ಬೇಕು, ಎಲ್ರೂ ಒಟ್ಟಿಗೆ ಮಾತಾಡ್ತಿರ್ಬೇಕು, ಒಂದು ಮಾತೂ ಅರ್ಥ ಆಗ್ಬಾರ್ದು, ಕಾಲ್ದೆಸೇಲಿ ಫ್ಲಾಸ್ಕ್ ಹಿಡ್ಕೊಂಡು ಅಮ್ಮ ನಿಂತಿರ್ಬೇಕು. ಅದನ್ನ ಮೊದ್ಲು ನಾನು ನೋಡ್ತೀನಿ, ನನ್ನ ಪಕ್ಕದಲ್ಲಿ ಆ ಎಟಿಎಂ ಡ್ಯೂಟಿಯಿಂದ ಬಂದ ಹುಡುಗ ಕೂತಿರ್ಲಿ, ಅವನು ಈಗ್ಲೂ ನಮ್ಮಲ್ಲೇ ನೈಟ್ ಡ್ಯೂಟಿ ಮಾಡ್ತಿದಾನೆ.

ಇಂತಿ,
ನಿಮ್ಮದೇ ಇಲಾಖೆಯ ಒಬ್ಬ ವಾರ್ಡ್ ಸಿಸ್ಟರ್