ದೂರದ ಕೇಂದ್ರಗಳ ಆಲಿಕೆ ವರದಿ: ಸದಸ್ಯರಿಗೆ ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಶಾರ್ಟ್‌ವೇವ್ ಮತ್ತು ಮೀಡಿಯಂ ವೇವ್‌ನಲ್ಲಿ ದೂರದ ರೇಡಿಯೊ ಕೇಂದ್ರಗಳನ್ನು ಆಲಿಸಿ ಇಲ್ಲಿ ವರದಿ ಹಾಕುವವರು ದಯವಿಟ್ಟು ಸಮಯವನ್ನು ಯುಟಿಸಿಯಲ್ಲೇ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಅಂತರರಾಷ್ಟ್ರೀಯ ಸಮಯದಲ್ಲೇ ಬರೆಯಬೇಕು. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಸಾಕು. ಆದರೆ ಬೆಳಗಿನ ಜಾವ 3ಕ್ಕೆ ಕೇಳಿದ್ದು ಯುಟಿಸಿಯಲ್ಲಿ ಹಿಂದಿನ ದಿನದ 21.30 ಆಗುವುದರಿಂದ ದಿನಾಂಕವನ್ನೂ ಬದಲಿಸಲು ಮರೆಯಬಾರದು.

ಕೇಳಿಸಿದ ಗುಣಮಟ್ಟವನ್ನು ಸಿನ್ಪೊ ಅಂಕಗಳಲ್ಲಿ, ಅಂದರೆ ಐದು ಅಂಶಗಳಿಗೆ ಕ್ರಮವಾಗಿ 1ರಿಂದ 5ರವರೆಗೆ ಕೊಡುವ ಅಂಕಗಳಲ್ಲಿ (5 ಅತ್ಯುತ್ತಮ) ತಿಳಿಸಿ. ಉದಾಹರಣೆಗೆ 35433 ಎಂದರೆ ಸಿಗ್ನಲ್ ಸಾಧಾರಣ, ಬೇರೆ ಕೇಂದ್ರದ ಅಡ್ಡಿ ಇಲ್ಲ, ಗದ್ದಲ ಅಲ್ಪ, ಏರಿಳಿತ ಮಧ್ಯಮ, ಒಟ್ಟಾರೆ ಸಾಧಾರಣ ಎಂದರ್ಥ. ಎಲ್ಲದಕ್ಕೂ 55555 ಕೊಡುವುದು ಸೌಜನ್ಯವಲ್ಲ, ಅದರಿಂದ ಕೇಂದ್ರದ ಎಂಜಿನಿಯರುಗಳಿಗೆ ಏನೂ ತಿಳಿಯುವುದಿಲ್ಲ. ಕೇಳಿದ ಕಾರ್ಯಕ್ರಮದ ವಿವರ, ಅಂದರೆ ಉದ್ಘೋಷಕರ ಮಾತು, ಸುದ್ದಿಯ ವಿಷಯ, ಸಂಗೀತದ ಬಗೆ, ನಿಮಿಷಸಹಿತ ಇದ್ದರೆ ಮಾತ್ರ ಕ್ಯೂಎಸ್ಎಲ್ ಕಾರ್ಡ್ (ಆಲಿಸಿದ್ದನ್ನು ದೃಢೀಕರಿಸಿ ಕೇಂದ್ರ ಕಳಿಸುವ ಕಾರ್ಡ್) ಕೇಳುವುದು ನ್ಯಾಯ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವಂಥ, ಅಂತರ್ಜಾಲದ ಮೂಲಕ ದೂರದಿಂದ ಬಳಸುವ ರಿಸೀವರ್‌ನಲ್ಲಿ ಕೇಳಿದ್ದನ್ನು ಹಾಗೆಂದೇ ನಮೂದಿಸಿ. ಅದನ್ನು ನಮ್ಮೂರಿನಲ್ಲಿ ಕೇಳಿದ್ದೆಂದು ಬರೆದರೆ ಇಡೀ ದಾಖಲೆಯ ನಂಬಿಕೆ ಹೋಗುತ್ತದೆ.

ಹೊಸಬರು ಮೀಡಿಯಂ ವೇವ್‌ನಿಂದ ಆರಂಭಿಸುವುದು ಒಳ್ಳೆಯದು. ಹಗಲಿನಲ್ಲಿ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ವಲಯ) ಕೆಳಗಿನ ಡಿ ಪದರ ಆ ಅಲೆಗಳನ್ನು ಹೀರಿಕೊಳ್ಳುತ್ತದೆ, ಸೂರ್ಯಾಸ್ತದ ನಂತರ ಆ ಪದರ ಕ್ಷೀಣಿಸಿ ಮೇಲಿನ ಪದರಗಳಿಂದ ಅಲೆಗಳು ಪ್ರತಿಫಲಿಸಿ ನೂರಾರು ಕಿಲೋಮೀಟರ್ ಆಚೆಯಿಂದ ಬಂದಿಳಿಯುತ್ತವೆ. ಡಯಲ್‌ನ ಒಂದೇ ಜಾಗದಲ್ಲಿ ಎರಡು ಕೇಂದ್ರಗಳು ಕಲಸಿಹೋದಾಗ ರೇಡಿಯೊವನ್ನು ನಿಧಾನವಾಗಿ ತಿರುಗಿಸಿ: ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಪ್ರಬಲ ಕೇಂದ್ರದತ್ತ ಹೊರಳಿದಾಗ ಅದರ ದನಿ ಕುಗ್ಗಿ, ಅದರಡಿ ಅಡಗಿದ್ದ ಇನ್ನೊಂದು ಕೇಂದ್ರದ ದನಿ ಮೇಲೆ ಬರುತ್ತದೆ. ಗದ್ದಲ ಹುಟ್ಟಿಸುವ ಎಲ್ಇಡಿ ದೀಪ ಮತ್ತು ಚಾರ್ಜರ್‌ಗಳನ್ನು ಮೊದಲೇ ಆರಿಸಿಡಿ.

ಈ ವಾರದ ವರದಿಗಳನ್ನು ಭಾನುವಾರ ರಾತ್ರಿಯೊಳಗೆ ಹಾಕಬೇಕಾಗಿ ವಿನಂತಿ.