ವೃದ್ಧರ ಎಣಿಕೆ ಒಂದು ಸಲಕ್ಕೆ ಮುಗಿಯುವುದಲ್ಲ: ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ನಮಸ್ಕಾರ.

ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು. ವಯಸ್ಸಾದವರ ಆರೈಕೆಗೆ ಯೋಜನೆ ಮಾಡುವಾಗ 'ಹಾಸಿಗೆ ಹಿಡಿದವರು ಇಷ್ಟು ಜನ' ಅನ್ನುವ ಒಂದೇ ಅಂಕಿಯನ್ನು ನಂಬಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಲೆಕ್ಕಕ್ಕೆಂದು ಎರಡು ಊರು ಇಟ್ಟುಕೊಳ್ಳಿ. ಎರಡರಲ್ಲೂ ನೂರು ವೃದ್ಧರು, ಸರ್ವೆಗೆ ಹೋದ ದಿನ ಎರಡರಲ್ಲೂ ಹತ್ತು ಜನ ಹಾಸಿಗೆಯಲ್ಲಿ. ಒಂದರಲ್ಲಿ ವರ್ಷಕ್ಕೆ ಹತ್ತು ಜನ ಮಲಗುತ್ತಾರೆ, ಸುಮಾರು ಒಂದು ವರ್ಷದಲ್ಲಿ ಏಳುತ್ತಾರೆ ಅಥವಾ ತೀರಿಕೊಳ್ಳುತ್ತಾರೆ. ಇನ್ನೊಂದರಲ್ಲಿ ವರ್ಷಕ್ಕೆ ಮಲಗುವವರು ಇಬ್ಬರೇ, ಆದರೆ ಐದೈದು ವರ್ಷ ಮಲಗಿರುತ್ತಾರೆ. ಮೊದಲನೆಯದಕ್ಕೆ ಬೀಳದಂತೆ ತಡೆಯುವವರು, ಫಿಸಿಯೊಥೆರಪಿ ಮಾಡಿಸುವವರು ಬೇಕು. ಎರಡನೆಯದಕ್ಕೆ ವರ್ಷಗಟ್ಟಲೆ ಮನೆಗೆ ಬಂದು ನೋಡಿಕೊಳ್ಳುವವರು ಬೇಕು. ಕಡತದಲ್ಲಿ ಮಾತ್ರ ಎರಡೂ ಒಂದೇ!

ಈ ವ್ಯತ್ಯಾಸ ಹಿಡಿಯುವುದಕ್ಕೇ ಬಹುಸ್ಥಿತಿ ಮಾದರಿ ಅನ್ನುವ ಲೆಕ್ಕದ ವಿಧಾನ ಇರುವುದು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು, ಇನ್ನೊಬ್ಬರ ನೆರವು ಬೇಕಾದವರು, ತೀರಿಕೊಂಡವರು ಎಂದು ಮೂರು ಸ್ಥಿತಿ. ಒಂದರಿಂದ ಇನ್ನೊಂದಕ್ಕೆ ಯಾವ ವಯಸ್ಸಿನಲ್ಲಿ ಎಷ್ಟು ಜನ ದಾಟುತ್ತಾರೆ, ಎಷ್ಟು ಜನ ಚೇತರಿಸಿಕೊಂಡು ವಾಪಸ್ ಬರುತ್ತಾರೆ ಎಂದು ನೋಡುತ್ತಾರೆ. ಎಪ್ಪತ್ತರ ಅಜ್ಜಿಗೆ ಇನ್ನೆಷ್ಟು ವರ್ಷ ಆಯುಷ್ಯ, ಅದರಲ್ಲಿ ಎಷ್ಟು ಬೇರೆಯವರ ಕೈಯಲ್ಲಿ ಅನ್ನುವ ಅಂದಾಜು ಇದರಿಂದ ಸಿಗುತ್ತದೆ. ಆದರೆ ಅದೇ ಜನರನ್ನು ಮತ್ತೆ ಮತ್ತೆ ಕೇಳಬೇಕು. ವಯಸ್ಸಾಗುತ್ತಿರುವವರ ಬಗ್ಗೆ ನಡೆಯುವ 'ಲಾಸಿ' ಅನ್ನುವ ರಾಷ್ಟ್ರೀಯ ಸಮೀಕ್ಷೆ ಹಾಗೇ ಶುರುವಾಗಿದ್ದು. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಅದು ಹೇಳುವುದು ರಾಜ್ಯದ ಚಿತ್ರ. ಹೊಸನಗರದಂಥ ತಾಲ್ಲೂಕಿನದ್ದು ನಾವೇ ಬರೆದುಕೊಳ್ಳಬೇಕು.

ಕೇಳುವ ಪ್ರಶ್ನೆಗಳು ಹಳೆಯವೇ: ಸ್ನಾನ, ಬಟ್ಟೆ, ಊಟ, ಶೌಚ, ಹಾಸಿಗೆಯಿಂದ ಏಳುವುದು, ಕೋಣೆಯೊಳಗೆ ನಡೆಯುವುದು. ಮಲೆನಾಡಿಗೆ ಇನ್ನೊಂದು ಸೇರಿಸಿ: ಒಬ್ಬರೇ ಕಾಲುಸಂಕ ದಾಟಿ ಬಸ್ಸಿನ ರಸ್ತೆಗೆ ಹೋಗ್ತೀರಾ? ಕೋಣೆಯೊಳಗೆ ಚೆನ್ನಾಗಿ ಓಡಾಡುವ ಅಜ್ಜನಿಗೆ ಜುಲೈನಲ್ಲಿ ಹಾವಸೆ ಹಿಡಿದ ಅಂಗಳ ದಾಟಿ ಬಚ್ಚಲಿಗೆ ಹೋಗಲೂ ಕೈ ಹಿಡಿಯುವವರು ಬೇಕು. ಅದಕ್ಕೇ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಕೇಳಬೇಕು. ಒಮ್ಮೆ ಜನವರಿ, ಒಮ್ಮೆ ಜುಲೈ ಆದರೆ ಬದಲಾಗಿದ್ದು ಆರೋಗ್ಯವೋ ಮಳೆಯೋ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು, ನನ್ನ ಪ್ರಕಾರ ಇದೇ ಮುಖ್ಯ. ನಮ್ಮ ಕಡೆ ತೋಟದ ಮನೆಯ ಅಮ್ಮ ಬಿದ್ದು ಸೊಂಟ ಮುರಿದುಕೊಂಡರೆ ಮಗ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ. ಪಟ್ಟಿಯಲ್ಲಿ 'ಊರಲ್ಲಿಲ್ಲ' ಎಂದು ಬರೆದು ಹೆಸರು ಹೊಡೆದುಹಾಕಿದರೆ, ನೆರವು ಬೇಕಾದವರೇ ಲೆಕ್ಕದಿಂದ ಜಾರಿಹೋಗುತ್ತಾರೆ. ಉಳಿದವರನ್ನು ನೋಡಿ ಊರು ಗಟ್ಟಿಮುಟ್ಟಾಗಿದೆ ಅಂದುಕೊಳ್ಳುತ್ತೇವೆ. ಹೋಗಿದ್ದು ಯಾವಾಗ, ಹೋಗುವಾಗ ಹೇಗಿದ್ದರು, ಈಗ ಹೇಗಿದ್ದಾರೆ ಎಂದು ಒಂದು ಫೋನ್ ಮಾಡಿ ಬರೆದುಕೊಂಡರೆ ಆಯಿತು.

ಆಶಾ ಕಾರ್ಯಕರ್ತೆಯರಿಗೆ ಇದನ್ನು ಸುಮ್ನೆ ಹೊರಿಸಬೇಡಿ. ಅವರಿಗೆ ಈಗಲೇ ಕೆಲಸ ಜಾಸ್ತಿ, ಪ್ರತ್ಯೇಕ ದುಡ್ಡು ಕೊಡಿ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಮೂರು ವರ್ಷ ಮಾಡಿ ನೋಡಬಹುದು. ಲೆಕ್ಕ ಹಾಕಿಕೊಡಲು ನಾನು ಸಂಬಳ ಕೇಳುವುದಿಲ್ಲ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಮೇಷ್ಟ್ರು